ಮಂಡಿ ಮತ್ತು ಸೊಂಟದ ಕೀಲು ಸವೆತ: ದುಡಿಯುವ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯನ್ನು ನಿರ್ಧರಿಸುವ ಬಗೆ

“ಮಂಡಿ ಸವೆದಿದೆ, ಆದರೆ ನಿಮಗಿನ್ನೂ 48 ವರ್ಷ. ಸದ್ಯಕ್ಕೆ ಮಾತ್ರೆ ತೆಗೆದುಕೊಳ್ಳಿ, 60 ದಾಟಿದ ಮೇಲೆ ಬದಲಾಯಿಸೋಣ” ಎಂಬ ಮಾತನ್ನು ಕೇಳಿಸಿಕೊಂಡು ಬಂದವರನ್ನು ಫಿಸಿಯೋಥೆರಪಿಸ್ಟ್ ಆದ ನಾನು ವಾರಕ್ಕೊಬ್ಬರನ್ನಾದರೂ ಕಾಣುತ್ತೇನೆ. ದಿನವಿಡೀ ನಿಂತು ಪಾಠ ಮಾಡುವವರು, ಹೊಲದಲ್ಲಿ ಕಳೆ ಕೀಳುವವರು, ಲಾರಿ ಓಡಿಸುವವರು, ಬೆಳಗಿನ ಶಟಲ್ ಆಟವನ್ನು ಬಿಡಲೊಲ್ಲದವರು ಅವರಲ್ಲಿದ್ದಾರೆ. ಆ ಸಲಹೆಯಲ್ಲಿ ಅರ್ಧ ನಿಜವಿದೆ. ಚಟುವಟಿಕೆಯ ವಯಸ್ಸಿನಲ್ಲಿ ಕೃತಕ ಮಂಡಿಯನ್ನು ಆತುರದಿಂದ ಹಾಕಿಸಿಕೊಳ್ಳಬಾರದು. ಆದರೆ ಕೀಲು ಬದಲಾಯಿಸುವುದೊಂದೇ ಶಸ್ತ್ರಚಿಕಿತ್ಸೆಯಲ್ಲ. ಇರುವ ಕೀಲನ್ನೇ ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆಗಳೂ ಇವೆ, ಮತ್ತು ಅವು ಸವೆತ ಒಂದು ಹಂತ ದಾಟುವ ಮೊದಲು ಮಾತ್ರ ಸಾಧ್ಯ. ಹನ್ನೆರಡು ವರ್ಷ ಮಾತ್ರೆ ನುಂಗುತ್ತ ಕಾದವರಿಗೆ ಆ ದಾರಿ ಮುಚ್ಚಿರುತ್ತದೆ. ಬೇಗ ಆಗಬೇಕಾದದ್ದು ಆಪರೇಷನ್ನೇ ಎಂದಲ್ಲ. ಬೇಗ ಆಗಬೇಕಾದದ್ದು ಸರಿಯಾದ ತಪಾಸಣೆ ಮತ್ತು ತೀರ್ಮಾನ. ಅದನ್ನು ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ನೋವು ಯಾವ ಕೀಲಿನದು ಎಂದು ತಿಳಿದುಕೊಳ್ಳಿ

ನಮ್ಮ ಮಾತಿನಲ್ಲಿ ಸೊಂಟನೋವು ಎಂದರೆ ಬೆನ್ನಿನ ಕೆಳಭಾಗದ ನೋವು. ಸೊಂಟದ ಕೀಲು ಇರುವುದು ಅಲ್ಲಲ್ಲ. ತೊಡೆಮೂಳೆಯ ಗುಂಡಗಿನ ತಲೆಯು ಸೊಂಟದ ಮೂಳೆಯ ಬಟ್ಟಲಿನೊಳಗೆ ಕೂರುವ ಜಾಗದಲ್ಲಿ ಅದಿದೆ, ಅದರ ನೋವು ಸಾಮಾನ್ಯವಾಗಿ ತೊಡೆಸಂದಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಆ ನೋವು ತೊಡೆಯ ಮುಂಭಾಗದಲ್ಲಿ ಇಳಿದು ಮಂಡಿಯಲ್ಲಷ್ಟೇ ತಿಳಿಯುವುದುಂಟು. ತಿಂಗಳುಗಟ್ಟಲೆ ಮಂಡಿಗೆ ಚಿಕಿತ್ಸೆ ಪಡೆದು, ಕೊನೆಗೆ ತೊಂದರೆ ಸೊಂಟದ ಕೀಲಿನದೆಂದು ಗೊತ್ತಾದವರನ್ನು ನಾನು ನೋಡಿದ್ದೇನೆ. ಕಾಲುಗುರು ಕತ್ತರಿಸಿಕೊಳ್ಳುವುದು, ಸಾಕ್ಸ್ ಹಾಕಿಕೊಳ್ಳುವುದು, ಬೈಕಿನ ಮೇಲೆ ಕಾಲು ಹಾಯಿಸುವುದು ಕಷ್ಟವಾಗತೊಡಗಿದರೆ ಮಂಡಿಗಿಂತ ಮೊದಲು ಸೊಂಟದ ಕೀಲನ್ನು ಅನುಮಾನಿಸಬೇಕು.

ಮಂಡಿಯ ಸವೆತ ನಮ್ಮಲ್ಲಿ ಹೆಚ್ಚಾಗಿ ಒಳಬದಿಯಲ್ಲಿ ಶುರುವಾಗುತ್ತದೆ. ಮೆಟ್ಟಿಲು ಇಳಿಯುವಾಗ, ನೆಲದಿಂದ ಏಳುವಾಗ ಮಂಡಿಯ ಒಳಬದಿ ನೋಯುತ್ತದೆ, ಕಾಲು ನಿಧಾನವಾಗಿ ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ. ಬೆಳಿಗ್ಗೆಯ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುವುದು ಸವೆತದ ಲಕ್ಷಣ. ಬಿಗಿತ ಒಂದು ಗಂಟೆಗೂ ಮೀರಿ ಉಳಿದರೆ, ಬೆರಳು ಮತ್ತು ಮಣಿಕಟ್ಟಿನ ಕೀಲುಗಳೂ ಊದಿಕೊಂಡಿದ್ದರೆ ಅದು ರುಮಟಾಯ್ಡ್‌ನಂಥ ಉರಿಯೂತದ ಸಂಧಿವಾತವಾಗಿರಬಹುದು. ಅದರ ಚಿಕಿತ್ಸೆಯೇ ಬೇರೆ, ಮುಂದೆ ಹೇಳುವ ಕೀಲು ಉಳಿಸುವ ವಿಧಾನಗಳು ಅದಕ್ಕೆ ಹೊಂದುವುದಿಲ್ಲ. ಮೊದಲು ರುಮಟಾಲಜಿ ವೈದ್ಯರನ್ನು ಕಾಣಬೇಕು.

ಹೆಜ್ಜೆ 2: ನಿಂತು ಎಕ್ಸ್‌ರೇ ತೆಗೆಸಿ

ಮಲಗಿಸಿ ತೆಗೆದ ಎಕ್ಸ್‌ರೇಯನ್ನು ಹಿಡಿದು ಬಂದು “ಗ್ಯಾಪ್ ಚೆನ್ನಾಗಿದೆಯಂತೆ” ಎನ್ನುವವರು ಬಹಳ. ಮೈಭಾರ ಬೀಳದ ಮಂಡಿಯಲ್ಲಿ ಎರಡು ಮೂಳೆಗಳ ನಡುವಿನ ಜಾಗ ಇರುವುದಕ್ಕಿಂತ ಅಗಲವಾಗಿ ಕಾಣಬಹುದು. ಆದ್ದರಿಂದ ಎರಡೂ ಕಾಲಿನ ಮೇಲೆ ನಿಂತು ತೆಗೆದ ಚಿತ್ರ ಬೇಕು; ಮಂಡಿಯನ್ನು ಸುಮಾರು 45 ಡಿಗ್ರಿ ಮಡಚಿ ನಿಂತಾಗಿನ ಚಿತ್ರ, ಪಕ್ಕದಿಂದ ತೆಗೆದ ಚಿತ್ರ ಮತ್ತು ಮಂಡಿ ಚಿಪ್ಪಿನ ಚಿತ್ರ ಜೊತೆಗಿದ್ದರೆ ಸವೆತ ಯಾವ ಭಾಗದಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಕಾಲು ಬಾಗಿದ್ದರೆ ಸೊಂಟದ ಕೀಲಿನಿಂದ ಪಾದದ ಕೀಲಿನವರೆಗೆ ಇಡೀ ಕಾಲನ್ನು ಒಂದೇ ಚಿತ್ರದಲ್ಲಿ ತೋರಿಸುವ ಸ್ಕ್ಯಾನೋಗ್ರಾಂ ತೆಗೆಸಬೇಕು. ಮೈಭಾರದ ಗೆರೆ ಮಂಡಿಯ ಯಾವ ಭಾಗದಲ್ಲಿ ಹಾಯ್ದು ಹೋಗುತ್ತದೆ ಎಂದು ಅಳೆಯಲು ಅದು ಅಗತ್ಯ.

ಎಂಆರ್‌ಐ ಎಲ್ಲರಿಗೂ ಬೇಡ. ಮಧ್ಯವಯಸ್ಸಿನವರ ಮಂಡಿಯನ್ನು ಎಂಆರ್‌ಐ ಮಾಡಿದರೆ, ನೋವೇ ಇಲ್ಲದವರಲ್ಲೂ ಮೂಳೆಗಳ ನಡುವಿನ ಮೆತ್ತೆಯಾದ ಮೆನಿಸ್ಕಸ್ ಹರಿದಿರುವುದು ಆಗಾಗ ಕಾಣುತ್ತದೆ. ವರದಿಯಲ್ಲಿ “ಹರಿದಿದೆ” ಎಂದು ಬರೆದಿದೆ ಎಂಬ ಕಾರಣಕ್ಕೇ ಆಪರೇಷನ್‌ಗೆ ಒಪ್ಪಬೇಡಿ. ಆದರೆ 30ರಿಂದ 50ರೊಳಗಿನವರಿಗೆ ತೊಡೆಸಂದಿನಲ್ಲಿ ನೋವಿದ್ದು ಎಕ್ಸ್‌ರೇ ಸರಿಯಾಗಿ ಕಂಡಾಗ ಎಂಆರ್‌ಐಯನ್ನು ಮುಂದೂಡಬಾರದು. ತೊಡೆಮೂಳೆಯ ತಲೆಗೆ ರಕ್ತ ಸಂಚಾರ ನಿಂತು ಮೂಳೆ ಸಾಯುವ ಎವಿಎನ್ ಎಂಬ ಕಾಯಿಲೆ ಆರಂಭದಲ್ಲಿ ಎಂಆರ್‌ಐಯಲ್ಲಿ ಮಾತ್ರ ತಿಳಿಯುತ್ತದೆ. ಸ್ಟೀರಾಯ್ಡ್ ಔಷಧಿ ತೆಗೆದುಕೊಂಡವರಿಗೆ, ಮದ್ಯಪಾನ ಹೆಚ್ಚಿರುವವರಿಗೆ ಇದರ ಅಪಾಯ ಹೆಚ್ಚು, ಮತ್ತು ನಮ್ಮ ದೇಶದಲ್ಲಿ ಚಿಕ್ಕ ವಯಸ್ಸಿನಲ್ಲೇ ಸೊಂಟದ ಕೀಲು ಬದಲಾಯಿಸಿಕೊಳ್ಳಬೇಕಾಗಿ ಬರುವುದಕ್ಕೆ ಇದು ದೊಡ್ಡ ಕಾರಣ.

ಹೆಜ್ಜೆ 3: ಮೂರು ತಿಂಗಳು ವ್ಯಾಯಾಮವನ್ನು ನಿಜವಾಗಿ ಮಾಡಿ

ಮೂಳೆ ಕುಸಿಯುವ ಅಪಾಯವಿರುವ ಎವಿಎನ್‌ನಂಥ ಸಂದರ್ಭವನ್ನು ಬಿಟ್ಟರೆ, ಆಪರೇಷನ್ ಮಾತಿಗೆ ಮೊದಲು ಮೂರು ತಿಂಗಳ ಶ್ರದ್ಧೆಯ ವ್ಯಾಯಾಮ ಬೇಕೇ ಬೇಕು. ಹತ್ತು ದಿನ ಶಾಖ ಕೊಡಿಸಿಕೊಂಡು “ಫಿಸಿಯೋ ಮಾಡಿಸಿದೆ, ಉಪಯೋಗವಾಗಲಿಲ್ಲ” ಎನ್ನುವುದು ಇದರಲ್ಲಿ ಸೇರುವುದಿಲ್ಲ. ತೊಡೆಯ ಮುಂಭಾಗದ ಮತ್ತು ಪೃಷ್ಠದ ಸ್ನಾಯುಗಳಿಗೆ ವಾರಕ್ಕೆರಡು ಮೂರು ದಿನ ಕ್ರಮೇಣ ಭಾರ ಹೆಚ್ಚಿಸುತ್ತ ಬಲ ತುಂಬಬೇಕು, ಜೊತೆಗೆ ಸೈಕಲ್ ಅಥವಾ ಈಜು ಇರಬೇಕು. ಒಂದು ಕಿಲೋ ತೂಕ ಇಳಿಸಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರ ಒಂದು ಅಧ್ಯಯನ ತೋರಿಸಿದೆ. ಐದು ಕಿಲೋ ಇಳಿಸುವುದು ದೊಡ್ಡ ಚಿಕಿತ್ಸೆಯೇ.

ಡೆನ್ಮಾರ್ಕ್‌ನಲ್ಲಿ ಮಂಡಿ ಬದಲಾವಣೆಗೆ ಅರ್ಹರಾದವರನ್ನೇ ಎರಡು ಗುಂಪು ಮಾಡಿ ನಡೆಸಿದ, 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಾಯಾಮ ಮತ್ತಿತರ ಚಿಕಿತ್ಸೆಯ ಗುಂಪಿಗೆ ಸೇರಿದವರಲ್ಲಿ ಸುಮಾರು ಕಾಲು ಭಾಗ ಜನರಷ್ಟೇ ಒಂದು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಆಪರೇಷನ್ ಆದವರಿಗೆ ಸಿಕ್ಕ ನೋವಿನ ಉಪಶಮನ ಹೆಚ್ಚು ಎಂಬುದೂ ಅದೇ ಪ್ರಯೋಗದ ಫಲಿತಾಂಶ. ಎರಡನ್ನೂ ಒಟ್ಟಿಗೆ ಓದಬೇಕು. ಮೂರು ತಿಂಗಳಲ್ಲಿ ನೋವು ತಗ್ಗಿದರೆ ಒಳ್ಳೆಯದು. ತಗ್ಗದಿದ್ದರೂ ಗಟ್ಟಿಯಾದ ಸ್ನಾಯು ಆಪರೇಷನ್ ನಂತರ ನಿಮ್ಮ ಕೈ ಹಿಡಿಯುತ್ತದೆ.

ಈ ಹಂತದಲ್ಲಿ ಹಣ ಕಳೆದುಕೊಳ್ಳುವ ಎರಡು ದಾರಿಗಳಿವೆ. ದೂರ್ಬೀನು ಹಾಕಿ ಮಂಡಿ “ತೊಳೆಯುವ” ಆಪರೇಷನ್ ಸವೆತಕ್ಕೆ ಉಪಯೋಗವಿಲ್ಲವೆಂದು, ಬರೀ ಚರ್ಮ ಕತ್ತರಿಸಿ ಹೊಲಿದವರೊಂದಿಗೆ ಹೋಲಿಸಿ ನೋಡಿದ ಅಮೆರಿಕದ ಪ್ರಯೋಗ 2002ರಲ್ಲೇ ತೋರಿಸಿತು. ಮಂಡಿ ಏಕಾಏಕಿ ಸಿಕ್ಕಿಹಾಕಿಕೊಂಡು ಬಿಡಿಸಲಾಗದ ಸ್ಥಿತಿಯಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಅದಕ್ಕೆ ಒಪ್ಪಬೇಡಿ. “ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ” (ಮೂಳೆಯ ತುದಿಗಳ ಮೇಲಿನ ನುಣುಪಾದ ಪದರವೇ ಮೃದ್ವಸ್ಥಿ) ಎಂದು ಹೇಳಿ, ರೋಗಿಯದೇ ರಕ್ತದ ಪ್ಲೇಟ್‌ಲೆಟ್‌ಗಳಿಂದ ತಯಾರಿಸಿ ಸಾವಿರಾರು ರೂಪಾಯಿಗೆ ಕೊಡುವ ಪಿಆರ್‌ಪಿ ಇಂಜೆಕ್ಷನ್ ಇನ್ನೊಂದು. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಅದು ಉಪ್ಪುನೀರಿನ ಇಂಜೆಕ್ಷನ್‌ಗಿಂತ ಮೇಲಾಗಲಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುವುದು ನಿಜ, ಆದರೆ ಅದಾದ ಮೂರು ತಿಂಗಳೊಳಗೆ ಕೀಲು ಬದಲಾಯಿಸಿದರೆ ಸೋಂಕಿನ ಅಪಾಯ ಹೆಚ್ಚುತ್ತದೆ; ಚುಚ್ಚಿಸಿಕೊಂಡ ದಿನಾಂಕವನ್ನು ಬರೆದಿಟ್ಟುಕೊಂಡು ಸರ್ಜನ್‌ಗೆ ತಿಳಿಸಿ.

ಹೆಜ್ಜೆ 4: ಮಂಡಿಯಾದರೆ ಮೂರು ದಾರಿಗಳನ್ನು ತೂಗಿ ನೋಡಿ

ಮೊದಲ ದಾರಿ ಮೂಳೆಯ ಬಾಗನ್ನು ತಿದ್ದುವುದು. ಇದನ್ನು ಎಚ್‌ಟಿಒ (ಹೈ ಟಿಬಿಯಲ್ ಆಸ್ಟಿಯಾಟಮಿ) ಎನ್ನುತ್ತಾರೆ. ಬಾಗಿದ ಕಾಲಿನಲ್ಲಿ ಮೈಭಾರವೆಲ್ಲ ಮಂಡಿಯ ಒಳಬದಿಗೆ ಬಿದ್ದು ಅಲ್ಲಿನ ಮೃದ್ವಸ್ಥಿ ಸವೆಯುತ್ತದೆ, ಹೊರಬದಿ ಬಹುಕಾಲ ಚೆನ್ನಾಗಿಯೇ ಇರುತ್ತದೆ. ಮಂಡಿಯ ಕೆಳಗೆ ಕಾಲಿನ ದೊಡ್ಡ ಮೂಳೆಯಾದ ಟಿಬಿಯಾವನ್ನು ಒಳಬದಿಯಿಂದ ಕತ್ತರಿಸಿ, ಹೊರ ಅಂಚನ್ನು ಬಾಗಿಲ ಕೀಲಿನಂತೆ ಉಳಿಸಿ, ಲೆಕ್ಕ ಹಾಕಿದಷ್ಟೇ ಡಿಗ್ರಿ ತೆರೆದು ಪ್ಲೇಟ್ ಮತ್ತು ಸ್ಕ್ರೂ ಹಾಕಿ ಬಿಗಿಯುತ್ತಾರೆ. ಆಗ ಭಾರದ ಗೆರೆ ಮಂಡಿಯ ನಡುವನ್ನು ತುಸು ದಾಟಿ ಆರೋಗ್ಯವಾಗಿರುವ ಹೊರಬದಿಗೆ ಸರಿಯುತ್ತದೆ.

46 ವರ್ಷದ ಒಬ್ಬ ದೈಹಿಕ ಶಿಕ್ಷಕರು ನೆನಪಾಗುತ್ತಾರೆ. ಅವರು ಬಂದ ದಿನ ನಾನು ಮೊದಲು ನೋಡಿದ್ದು ಕೊಠಡಿಯ ಹೊರಗೆ ಬಿಟ್ಟ ಅವರ ಚಪ್ಪಲಿಯನ್ನು. ಎರಡೂ ಹಿಮ್ಮಡಿಗಳ ಹೊರ ಅಂಚು ಓರೆಯಾಗಿ ಸವೆದು, ಒಳ ಅಂಚು ಹೊಸದರಂತೆ ಉಳಿದಿತ್ತು. ಬಲಗಾಲಿನದಂತೂ ಹೊರಬದಿಯಲ್ಲಿ ಕಾಗದದಷ್ಟು ತೆಳ್ಳಗಾಗಿತ್ತು. ಸ್ಕ್ಯಾನೋಗ್ರಾಂ ನೋಡಿದ ಸರ್ಜನ್ ಎಚ್‌ಟಿಒ ಸೂಚಿಸಿದಾಗ ಅವರ ಹೆಂಡತಿ ನನ್ನಲ್ಲಿ ಬಂದು, “ಮೇಡಂ, ಮಂಡಿ ನೋವು ಅಂತ ಹೋದ್ರೆ ಚೆನ್ನಾಗಿರೋ ಮೂಳೆ ಕತ್ತರಿಸ್ತೀವಿ ಅಂತಾರಲ್ಲ, ಹೇಗೆ ನಂಬೋದು?” ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಅದೇ ಚಪ್ಪಲಿಯನ್ನು ತಿರುಗಿಸಿ ತೋರಿಸಿ, ಒಂದೇ ಬದಿಗೆ ಭಾರ ಬಿದ್ದರೆ ಏನಾಗುತ್ತದೆ ಎಂಬುದನ್ನು ವಿವರಿಸಿದೆ. ಆರು ವಾರ ಊರುಗೋಲು, ನಾಲ್ಕನೇ ತಿಂಗಳಿಗೆ ಮೂಳೆ ಕೂಡಿಕೊಂಡದ್ದು ಎಕ್ಸ್‌ರೇಯಲ್ಲಿ ಕಂಡಿತು, ಎಂಟನೇ ತಿಂಗಳಲ್ಲಿ ಅವರು ಮಕ್ಕಳೊಂದಿಗೆ ಮೈದಾನದಲ್ಲಿ ಓಡುತ್ತಿದ್ದರು.

ಎಲ್ಲರಿಗೂ ಇದು ಸಲ್ಲದು. ಸವೆತ ಒಳಬದಿಗೆ ಸೀಮಿತವಾಗಿರಬೇಕು, ಕಾಲು ನಿಜವಾಗಿ ಬಾಗಿರಬೇಕು, ಮಂಡಿ ಚೆನ್ನಾಗಿ ಮಡಚುವಂತಿರಬೇಕು, ವಯಸ್ಸು ಸುಮಾರು 60ರೊಳಗಿರಬೇಕು. ಬೀಡಿ, ಸಿಗರೇಟು ಸೇದುವವರಲ್ಲಿ ಮೂಳೆ ಕೂಡಿಕೊಳ್ಳುವುದು ತಡವಾಗುತ್ತದೆ, ಕೆಲವೊಮ್ಮೆ ಕೂಡಿಕೊಳ್ಳುವುದೇ ಇಲ್ಲ; ಬಿಡಲಾಗದವರು ಈ ದಾರಿಯನ್ನು ಆರಿಸಬಾರದು. ಸರಿಯಾಗಿ ಆಯ್ದ ರೋಗಿಗಳಲ್ಲಿ ಹತ್ತರಲ್ಲಿ ಏಳೆಂಟು ಮಂದಿಗೆ ಇದು ಹತ್ತು ವರ್ಷ ಬಾಳುತ್ತದೆ, ಆಮೇಲೆ ಬೇಕಾದರೆ ಕೃತಕ ಮಂಡಿ ಹಾಕಿಸಿಕೊಳ್ಳಲು ಅಡ್ಡಿಯಿಲ್ಲ. ಮೂಳೆ ಕೂಡಿದ ಮೇಲೆ ಇದು ನಿಮ್ಮದೇ ಮಂಡಿಯಾದ್ದರಿಂದ ನೆಲದ ಮೇಲೆ ಕೂರುವುದು, ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುವುದು ಸಾಧ್ಯ. ಹೊಲದ ಕೆಲಸದವರಿಗೆ, ನೆಲದಲ್ಲಿ ಕೂತು ದುಡಿಯುವವರಿಗೆ ಇದರ ಬೆಲೆ ಬಹಳ. ನಮ್ಮ ಜನರ ಕಾಲಿನ ಬಾಗು, ಕೂರುವ ಅಭ್ಯಾಸ ಎರಡಕ್ಕೂ ಇಷ್ಟು ಹೊಂದುವ ಈ ಶಸ್ತ್ರಚಿಕಿತ್ಸೆಯ ಹೆಸರನ್ನೇ ಬಹುಪಾಲು ರೋಗಿಗಳು ಕೇಳಿರುವುದಿಲ್ಲ ಎಂಬುದು ನನ್ನನ್ನು ಸದಾ ಕಾಡುವ ವಿಷಯ.

ಎರಡನೆಯದು ಮಂಡಿಯ ಒಂದು ಭಾಗವನ್ನಷ್ಟೇ ಬದಲಾಯಿಸುವುದು. ಒಳಬದಿಯಲ್ಲಿ ಮೂಳೆಗೆ ಮೂಳೆ ತಾಗುವಷ್ಟು ಸವೆದಿದ್ದು, ಹೊರಬದಿಯ ಮೃದ್ವಸ್ಥಿ ಮತ್ತು ಮಂಡಿಯ ನಡುವಿನ ಎಸಿಎಲ್ ಅಸ್ಥಿರಜ್ಜು ಚೆನ್ನಾಗಿದ್ದರೆ ಇದು ಹೊಂದುತ್ತದೆ. ಚೇತರಿಕೆ ಬೇಗ, ಮಂಡಿ ಚೆನ್ನಾಗಿ ಮಡಚುತ್ತದೆ, ನಡಿಗೆ ಸಹಜವೆನಿಸುತ್ತದೆ. ಬ್ರಿಟನ್ನಿನ ಟಾಪ್‌ಕ್ಯಾಟ್ ಪ್ರಯೋಗದಲ್ಲಿ ಐದು ವರ್ಷದ ಹೊತ್ತಿಗೆ ಇದರ ಫಲ ಪೂರ್ಣ ಬದಲಾವಣೆಗೆ ಸಮನಾಗಿಯೇ ಇತ್ತು, ಖರ್ಚು ಕಡಿಮೆ ಆಗಿತ್ತು. ಒಂದು ಎಚ್ಚರಿಕೆ ಇದೆ: ಸವೆತ ಇನ್ನೂ ಅರ್ಧದಷ್ಟಿರುವಾಗ ಇದನ್ನು ಮಾಡಿಸಿಕೊಂಡವರಿಗೆ ನೋವು ಸರಿಯಾಗಿ ಹೋಗುವುದಿಲ್ಲ. ಬೇಗ ಎಂಬ ಮಾತಿಗೆ ಇಲ್ಲೊಂದು ಮಿತಿಯಿದೆ. ವರ್ಷಕ್ಕೆ ಬೆರಳೆಣಿಕೆಯಷ್ಟು ಮಾಡುವ ಸರ್ಜನ್‌ಗಳ ಕೈಯಲ್ಲಿ ಮರುಶಸ್ತ್ರಚಿಕಿತ್ಸೆಯ ಪ್ರಮಾಣ ಹೆಚ್ಚಿರುವುದರಿಂದ ಅನುಭವವನ್ನು ಕೇಳಿಯೇ ಮುಂದುವರಿಯಬೇಕು.

ಮೂರನೆಯದು ಪೂರ್ಣ ಬದಲಾವಣೆ. ಜನ ಇದನ್ನು “ಚಿಪ್ಪು ಬದಲಾಯಿಸುವುದು” ಎನ್ನುತ್ತಾರೆ, ಆದರೆ ಇಲ್ಲಿ ತೆಗೆಯುವುದು ತೊಡೆಮೂಳೆ ಮತ್ತು ಟಿಬಿಯಾದ ಸವೆದ ತುದಿಗಳನ್ನು. ಅಲ್ಲಿ ಲೋಹದ ಹೊದಿಕೆ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ ಬರುತ್ತದೆ. ಹಲವು ದೇಶಗಳ ಕೀಲು ಬದಲಾವಣೆಯ ನೋಂದಣಿ ದಾಖಲೆಗಳನ್ನು ಕೂಡಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪೂರ್ಣ ಮಂಡಿ ಬದಲಾವಣೆಗಳಲ್ಲಿ ಶೇ 82ರಷ್ಟು, ಭಾಗಶಃ ಬದಲಾವಣೆಗಳಲ್ಲಿ ಶೇ 70ರಷ್ಟು 25 ವರ್ಷ ಬಾಳುತ್ತವೆ. ಆದರೆ ಬ್ರಿಟನ್ನಿನ ದಾಖಲೆಗಳ ಪ್ರಕಾರ, 70 ದಾಟಿ ಮಾಡಿಸಿಕೊಂಡವರಿಗೆ ಜೀವಿತದಲ್ಲಿ ಮತ್ತೊಮ್ಮೆ ಆಪರೇಷನ್ ಬೇಕಾಗುವ ಸಾಧ್ಯತೆ ಶೇ 5ರಷ್ಟಿದ್ದರೆ, 50ರ ಆಸುಪಾಸಿನಲ್ಲಿ ಮಾಡಿಸಿಕೊಂಡ ಗಂಡಸರಿಗೆ ಅದು ಶೇ 35ರವರೆಗೆ ಏರುತ್ತದೆ. ಮಂಡಿ ಬದಲಾಯಿಸಿಕೊಂಡ ಐವರಲ್ಲಿ ಒಬ್ಬರವರೆಗೆ ಫಲಿತಾಂಶ ಪೂರ್ತಿ ತೃಪ್ತಿ ಕೊಟ್ಟಿಲ್ಲವೆಂದು ಹೇಳುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗೆಂದು ಮಂಡಿ ಪೂರ್ತಿ ಸವೆದು, ರಾತ್ರಿ ನಿದ್ದೆ ಕೆಟ್ಟು, ಕೆಲಸ ಬಿಡುವ ಸ್ಥಿತಿಗೆ ಬಂದ 52 ವರ್ಷದವರನ್ನು ವಯಸ್ಸಿನ ಕಾರಣಕ್ಕಷ್ಟೇ ಕಾಯಿಸುವುದು ಸರಿಯಲ್ಲ. ಸ್ನಾಯು ಸೊರಗಿ ಮಂಡಿ ಮರಗಟ್ಟಿದ ಮೇಲೆ ಮಾಡಿದ ಆಪರೇಷನ್ ಅಷ್ಟು ಫಲ ಕೊಡುವುದಿಲ್ಲ.

ಹೆಜ್ಜೆ 5: ಸೊಂಟದ ಕೀಲಾದರೆ ಕಾರಣವನ್ನು ಹುಡುಕಿಸಿ

ಚಿಕ್ಕ ವಯಸ್ಸಿನಲ್ಲಿ ಈ ಕೀಲು ಸವೆದರೆ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ ಎಂದುಕೊಂಡು ಹುಡುಕುವುದು ಒಳ್ಳೆಯದು. ಹುಟ್ಟಿನಿಂದ ಬಟ್ಟಲು ಆಳವಿಲ್ಲದಿದ್ದರೆ, ಸವೆತ ಹೆಚ್ಚುವ ಮೊದಲು, ಸಾಮಾನ್ಯವಾಗಿ 40ರೊಳಗೆ, ಬಟ್ಟಲಿನ ಸುತ್ತಲ ಮೂಳೆಯನ್ನು ಕತ್ತರಿಸಿ ತಲೆಯ ಮೇಲೆ ಸರಿಯಾಗಿ ತಿರುಗಿಸಿ ಕೂರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ರೈನ್‌ಹೋಲ್ಡ್ ಗಾಂಝ್ ಅವರು 1984ರಲ್ಲಿ ಆರಂಭಿಸಿದ ವಿಧಾನವಿದು. ತಲೆ ಮತ್ತು ಬಟ್ಟಲಿನ ಅಂಚು ಒಂದಕ್ಕೊಂದು ತಾಗುವ ತೊಂದರೆಯಿದ್ದರೆ ದೂರ್ಬೀನಿನ ಮೂಲಕ ಹೆಚ್ಚುವರಿ ಮೂಳೆಯನ್ನು ಕೆರೆದು ತೆಗೆಯಬಹುದು. ಎಕ್ಸ್‌ರೇಯಲ್ಲಿ ಕೀಲಿನ ಜಾಗ 2 ಮಿಲಿಮೀಟರ್‌ಗಿಂತ ಕಡಿಮೆಯಾಗಿದ್ದರೆ ಇದು ಕೈಗೂಡುವುದು ಅಪರೂಪ. ಎವಿಎನ್‌ನಲ್ಲಿ ಮೂಳೆಯ ತಲೆ ಕುಸಿಯುವ ಮೊದಲು ರಂಧ್ರ ಕೊರೆದು ಒತ್ತಡ ಇಳಿಸುವ ಚಿಕಿತ್ಸೆ ಇದೆ, ಕುಸಿದ ಮೇಲೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಇಲ್ಲಿ ತಿಂಗಳುಗಳ ಲೆಕ್ಕವೂ ಮುಖ್ಯ.

ಕೀಲು ಪೂರ್ತಿ ಸವೆದಿದ್ದರೆ ಹೆಚ್ಚು ಹಿಂಜರಿಯಬೇಕಿಲ್ಲ. ಸೊಂಟದ ಕೀಲು ಬದಲಾವಣೆಯಲ್ಲಿ ರೋಗಿಗಳ ತೃಪ್ತಿ ಮಂಡಿಗಿಂತ ಹೆಚ್ಚು, ಮತ್ತು ಅದು ಬಹಳ ಪಳಗಿದ ಶಸ್ತ್ರಚಿಕಿತ್ಸೆ: ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಅವರು ಲೋಹದ ತಲೆ, ಪಾಲಿಎಥಿಲೀನ್ ಬಟ್ಟಲಿನ ಜೋಡಣೆಯನ್ನು 1962ರಲ್ಲಿ ರೂಢಿಗೆ ತಂದರು. ಸೊಂಟದ ಕೃತಕ ಕೀಲುಗಳಲ್ಲಿ 25 ವರ್ಷ ಬಾಳುವವು ಶೇ 58ರಷ್ಟು ಎಂದು, ಮಂಡಿಯ ಬಗ್ಗೆ ಮೇಲೆ ಹೇಳಿದ 2019ರ ಲೆಕ್ಕದ ಜೊತೆಗೇ ಬಂದ ಇನ್ನೊಂದು ಲೆಕ್ಕ ಹೇಳುತ್ತದೆ. ಅದು ಹಳೆಯ ಇಂಪ್ಲಾಂಟ್‌ಗಳ, ಅಂದರೆ ಕೃತಕ ಕೀಲಿನ ಭಾಗಗಳ, ಲೆಕ್ಕ. ಈಗ ಬಳಸುವ ಸುಧಾರಿತ ಪಾಲಿಎಥಿಲೀನ್ ಮತ್ತು ಸೆರಾಮಿಕ್ ಬಹಳ ಕಡಿಮೆ ಸವೆಯುತ್ತವೆ.

ತಲೆಯನ್ನು ಕತ್ತರಿಸದೆ ಅದರ ಮೇಲೆ ಲೋಹದ ಟೋಪಿ ಕೂರಿಸುವ ರೀಸರ್ಫೇಸಿಂಗ್ ವಿಧಾನವನ್ನು ಆಟಗಾರರು ಹೆಚ್ಚಾಗಿ ಕೇಳುತ್ತಾರೆ. ಟೆನಿಸ್ ಆಟಗಾರ ಆ್ಯಂಡಿ ಮರ್ರೆ 2019ರ ಜನವರಿಯಲ್ಲಿ ಇದನ್ನು ಮಾಡಿಸಿಕೊಂಡು ಅದೇ ಅಕ್ಟೋಬರ್‌ನಲ್ಲಿ ಆ್ಯಂಟ್‌ವರ್ಪ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಮೂಳೆಯ ತಲೆ ದೊಡ್ಡದಿರುವ, 60ರೊಳಗಿನ ಗಂಡಸರಿಗೆ ಇದು ಹೊಂದಬಹುದು. ಲೋಹದ ಮೇಲೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುವುದರಿಂದ ಹೆಂಗಸರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಸಾಮಾನ್ಯವಾಗಿ ಸೂಚಿಸುವುದಿಲ್ಲ.

ಹೆಜ್ಜೆ 6: ಸರ್ಜನ್ ಬಳಿ ಕೇಳಬೇಕಾದದ್ದು

ಚೀಟಿಯಲ್ಲಿ ಬರೆದುಕೊಂಡು ಹೋಗಿ. ನನ್ನ ಸವೆತ ಯಾವ ಭಾಗದಲ್ಲಿದೆ, ಎಕ್ಸ್‌ರೇಯಲ್ಲಿ ತೋರಿಸುತ್ತೀರಾ? ಕೀಲು ಉಳಿಸುವ ಶಸ್ತ್ರಚಿಕಿತ್ಸೆಗೆ ನಾನು ಹೊಂದುತ್ತೇನೆಯೇ, ಇಲ್ಲದಿದ್ದರೆ ಯಾಕೆ? ಈ ಶಸ್ತ್ರಚಿಕಿತ್ಸೆಯನ್ನು ನೀವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಇನ್ನೊಂದು ವರ್ಷ ಕಾದರೆ ಏನು ಕಳೆದುಕೊಳ್ಳುತ್ತೇನೆ? ಕೊನೆಯ ಪ್ರಶ್ನೆಗೆ “ಏನೂ ಇಲ್ಲ” ಎಂದು ಉತ್ತರ ಬಂದರೆ ಕಾಯಬಹುದು. ಎರಡನೆಯ ವೈದ್ಯರ ಅಭಿಪ್ರಾಯ ಕೇಳುವುದಕ್ಕೆ ಸಂಕೋಚ ಬೇಡ. ನಿಮ್ಮ ಕೆಲಸ ಏನು, ನೆಲದ ಮೇಲೆ ಕೂರಲೇಬೇಕೇ, ಮನೆಯಲ್ಲಿ ಶೌಚಾಲಯ ಯಾವ ರೀತಿಯದು ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಆಯ್ಕೆ ಅದರ ಮೇಲೆ ನಿಂತಿದೆ.

ಖರ್ಚಿನ ವಿಷಯ. ಮಂಡಿಯ ಇಂಪ್ಲಾಂಟ್‌ಗಳಿಗೆ ರಾಷ್ಟ್ರೀಯ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ 2017ರ ಆಗಸ್ಟ್‌ನಲ್ಲಿ ಗರಿಷ್ಠ ಬೆಲೆ ನಿಗದಿ ಮಾಡಿತು. ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಆಗ ಅದು ತೆರಿಗೆ ಬಿಟ್ಟು 54,720 ರೂಪಾಯಿ. ಇದು ಇಂಪ್ಲಾಂಟ್‌ನ ಬೆಲೆ ಮಾತ್ರ, ಆಸ್ಪತ್ರೆಯ ಒಟ್ಟು ಖರ್ಚಲ್ಲ. ಬಿಲ್ಲಿನಲ್ಲಿ ಇಂಪ್ಲಾಂಟ್‌ನ ಹೆಸರು, ಬ್ಯಾಚ್ ಸಂಖ್ಯೆ, ಬೆಲೆ ಪ್ರತ್ಯೇಕವಾಗಿ ಇರಬೇಕೆಂದು ಕೇಳಿ, ಅದರ ಸ್ಟಿಕ್ಕರನ್ನು ಡಿಸ್ಚಾರ್ಜ್ ಫೈಲಿನಲ್ಲಿ ಅಂಟಿಸಿಕೊಳ್ಳಿ. ಮುಂದೆ ಎಂದಾದರೂ ಮರುಶಸ್ತ್ರಚಿಕಿತ್ಸೆ ಬೇಕಾದರೆ ಆ ಸ್ಟಿಕ್ಕರ್ ಚಿನ್ನದಷ್ಟು ಬೆಲೆಯದು. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ತಮ್ಮ ಚಿಕಿತ್ಸೆ ಬರುತ್ತದೆಯೇ ಎಂದು ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಬೆಂಗಳೂರಿನ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸ್ವಾಯತ್ತ ಸಂಸ್ಥೆ.

ಹೆಜ್ಜೆ 7: ಆಪರೇಷನ್‌ಗೆ ಮೈ ಸಿದ್ಧಮಾಡಿ

ಸಕ್ಕರೆ ಕಾಯಿಲೆ ಇದ್ದವರು, ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪ್ರಮಾಣವನ್ನು 7.5ರ ಆಸುಪಾಸಿಗೆ ಇಳಿಸಿಕೊಳ್ಳಬೇಕು. ತಂಬಾಕನ್ನು ಕನಿಷ್ಠ ಆರು ವಾರ ಮೊದಲೇ ಬಿಡಬೇಕು. ಹುಳುಕು ಹಲ್ಲು, ಮೂತ್ರದ ಸೋಂಕು, ಕಾಲಿನ ಹುಣ್ಣು, ಹಿಮ್ಮಡಿಯ ಆಳವಾದ ಬಿರುಕು ಇದ್ದರೆ ವಾಸಿಯಾಗುವವರೆಗೆ ದಿನಾಂಕ ಮುಂದಕ್ಕೆ ಹಾಕಿಸಿ, ಏಕೆಂದರೆ ಕೃತಕ ಕೀಲಿಗೆ ಸೋಂಕು ತಗಲುವುದು ನೂರರಲ್ಲಿ ಒಬ್ಬಿಬ್ಬರಿಗಷ್ಟೇ ಆದರೂ, ಅದನ್ನು ನಿವಾರಿಸಲು ಮತ್ತೆ ಒಂದೋ ಎರಡೋ ಆಪರೇಷನ್ ಬೇಕಾಗುತ್ತದೆ. ಮನೆಯಲ್ಲಿ ಕಮೋಡ್ ಕುರ್ಚಿ, ಎತ್ತರದ ಮಂಚ, ಜಾರದ ಬಚ್ಚಲುಮನೆ ಇರುವಂತೆ ಮೊದಲೇ ನೋಡಿಕೊಳ್ಳಿ. ವಾಕರ್ ಹಿಡಿದು ನಡೆಯುವುದನ್ನು ಆಪರೇಷನ್‌ಗೆ ಮುಂಚೆಯೇ ಅಭ್ಯಾಸ ಮಾಡಿದವರು ಆಮೇಲೆ ಹೆದರುವುದಿಲ್ಲ.

ಹೆಜ್ಜೆ 8: ಆಪರೇಷನ್ ನಂತರದ ತಿಂಗಳುಗಳು

ಕೀಲು ಬದಲಾವಣೆಯಾದರೆ ಅದೇ ದಿನ ಅಥವಾ ಮರುದಿನ ನಿಲ್ಲಿಸಿ ನಡೆಸುತ್ತಾರೆ. ಮೊದಲ ಆರು ವಾರ ಮಂಡಿಯವರಿಗೆ ಕಠಿಣ: ನೋವು ಇರುವಾಗಲೇ ದಿನಕ್ಕೆ ಹಲವು ಬಾರಿ ಮಡಚಿ, ಪೂರ್ತಿ ನೀಡಿ ಅಭ್ಯಾಸ ಮಾಡಬೇಕು. ಮಂಡಿಯ ಕೆಳಗೆ ದಿಂಬಿಟ್ಟು ಮಲಗುವುದು ಹಿತವೆನಿಸುತ್ತದೆ, ಆದರೆ ಹಾಗೆ ಮಾಡಿದರೆ ಮಂಡಿ ಬಾಗಿಯೇ ಉಳಿದು ಮುಂದೆ ನೆಟ್ಟಗೆ ನಿಲ್ಲಲಾಗುವುದಿಲ್ಲ. ಅಕ್ಕರೆಯಿಂದ ದಿಂಬಿಡುವ ಮನೆಯವರಿಗೆ ಇದನ್ನು ನಾನು ಪ್ರತಿ ಬಾರಿಯೂ ಹೇಳಬೇಕಾಗುತ್ತದೆ. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಡಿ, ಮಂಡಿ ತಾನಾಗಿ ನೀಡಿಕೊಳ್ಳಲಿ. ಮೀನಖಂಡ ಊದಿ ಬಿಗಿಯಾಗಿ ನೋಯುವುದು, ಏಕಾಏಕಿ ಉಸಿರಾಟ ಕಷ್ಟವಾಗುವುದು ರಕ್ತ ಹೆಪ್ಪುಗಟ್ಟಿರುವುದರ ಸೂಚನೆ. ಗಾಯದಿಂದ ಒಸರುವುದು, ಜ್ವರ ಬರುವುದು ಸೋಂಕಿನ ಸೂಚನೆ. ಎರಡಕ್ಕೂ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕಾರು ಓಡಿಸುವುದು ಸುಮಾರು ಆರು ವಾರದ ನಂತರ, ಥಟ್ಟನೆ ಬ್ರೇಕ್ ಒತ್ತುವ ಶಕ್ತಿ ಬಂದಿದೆ ಎಂದು ವೈದ್ಯರು ನೋಡಿದ ಮೇಲೆ. ಮೇಜಿನ ಕೆಲಸಕ್ಕೆ ಆರರಿಂದ ಎಂಟು ವಾರ, ನಿಂತು ಮಾಡುವ ಕೆಲಸಕ್ಕೆ ಮೂರು ತಿಂಗಳು ಹಿಡಿಯುತ್ತದೆ. ಎಚ್‌ಟಿಒ ಆದವರು ಭಾರದ ಕೆಲಸಕ್ಕೂ ಆಟಕ್ಕೂ ಎಕ್ಸ್‌ರೇಯಲ್ಲಿ ಮೂಳೆ ಕೂಡಿದ್ದು ಕಾಣುವವರೆಗೆ ಕಾಯಬೇಕು. ಆರು ತಿಂಗಳಿಗೂ ಹೆಚ್ಚಾಗಬಹುದು. ಕೃತಕ ಮಂಡಿ ಹಾಕಿಸಿಕೊಂಡವರಿಗೆ ನಡಿಗೆ, ಈಜು, ಸೈಕಲ್, ಡಬಲ್ಸ್ ಶಟಲ್ ಒಪ್ಪುತ್ತವೆ. ಓಟ, ಕಬಡ್ಡಿ, ಜಿಗಿತ ಬೇಡ. ಕೆಲವರು ನೆಲದ ಮೇಲೆ ಕೂರಬಲ್ಲರಾದರೂ ದಿನವೂ ಗಂಟೆಗಟ್ಟಲೆ ಕೂರುವ ಅಭ್ಯಾಸವನ್ನು ನಾನು ಪ್ರೋತ್ಸಾಹಿಸುವುದಿಲ್ಲ. ಸೊಂಟದ ಕೀಲಿನವರು ಮೊದಲ ಮೂರು ತಿಂಗಳು ತಗ್ಗಿನ ಆಸನದಲ್ಲಿ ಕೂರಬಾರದು, ಕಾಲಿನ ಮೇಲೆ ಕಾಲು ಹಾಕಬಾರದು; ಯಾವ ಬದಿಯಿಂದ ಆಪರೇಷನ್ ಮಾಡಿದ್ದಾರೆ ಎಂಬುದರ ಮೇಲೆ ನಿಯಮ ಬದಲಾಗುವುದರಿಂದ ನಿಮ್ಮ ಸರ್ಜನ್ ಹೇಳಿದ್ದೇ ಅಂತಿಮ.

ನೋವಿಲ್ಲ ಎಂದು ತಪಾಸಣೆಯನ್ನು ನಿಲ್ಲಿಸಬೇಡಿ. ಬಿಲ್ಲೆ ಸವೆದು ಸುತ್ತಲ ಮೂಳೆ ಕರಗತೊಡಗಿದಾಗ ಹಲವು ಕಾಲ ಏನೂ ಗೊತ್ತಾಗುವುದಿಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಕಾಣುತ್ತದೆ. ಮೊದಲ ವರ್ಷ ತಪ್ಪದೆ, ಆಮೇಲೆ ಸರ್ಜನ್ ಹೇಳಿದ ಅಂತರದಲ್ಲಿ ನಿಂತು ತೆಗೆದ ಎಕ್ಸ್‌ರೇಯೊಂದಿಗೆ ಹೋಗಿ, ಹಳೆಯ ಫಿಲಂಗಳನ್ನೂ ಜೊತೆಗೆ ಒಯ್ಯಿರಿ.